ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿ: ಶಿಶುವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಶುವೈದ್ಯರೇ, ಪ್ರಸೂತಿ ತಜ್ಞರೇ, ನಾಳೆ ಅದೇ ಕುರ್ಚಿಯಲ್ಲಿ ಕೂರಲಿರುವ ವೈದ್ಯ ವಿದ್ಯಾರ್ಥಿಗಳೇ,

ಬಾಣಂತಿಯರ ವಾರ್ಡಿನಲ್ಲಿ ದುಡಿದುಕೊಂಡು ಬಂದ ನರ್ಸ್ ನಾನು. ತಾಯಿ-ಮಗು ಮನೆಗೆ ಹೊರಡುವ ದಿನ ನೀವು ಏನೇನು ಹೇಳುತ್ತೀರಿ ಎಂಬುದು ನನಗೆ ಬಾಯಿಪಾಠವಾಗಿದೆ. ಹೊಕ್ಕುಳು ಒಣಗಿರಲಿ, ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಿ, ಮೈ ಕಣ್ಣು ಹಳದಿಯಾದರೆ ತಡಮಾಡದೆ ಬನ್ನಿ, ಲಸಿಕೆ ಕಾರ್ಡ್ ಕಳೆಯಬೇಡಿ. ಎಲ್ಲವೂ ಬೇಕಾದ ಮಾತೇ. ಆದರೆ ಆಗಷ್ಟೇ ಹುಟ್ಟಿದ ಮಗು ದಿನದ ಮುಕ್ಕಾಲು ಪಾಲು ಮಾಡುವುದು ಒಂದೇ ಕೆಲಸ, ನಿದ್ದೆ. ಆ ನಿದ್ದೆಯ ಬಗ್ಗೆ ಎಷ್ಟೋ ಸಲ ಮಾತೇ ಬರುವುದಿಲ್ಲ. ಬಂದರೂ ಫೈಲಿಗೆ ಸಹಿ ಹಾಕುತ್ತಾ, ತಲೆ ಎತ್ತದೆ, ‘ಅಂಗಾತ ಮಲಗಿಸಿ, ಆಯ್ತಾ’ ಎಂದಷ್ಟೇ ಬರುತ್ತದೆ. ತಾಯಿ ‘ಸರಿ ಡಾಕ್ಟ್ರೇ’ ಅನ್ನುತ್ತಾಳೆ. ಹಿಂದೆ ನಿಂತಿರುವ ಅಜ್ಜಿ ಏನೂ ಅನ್ನುವುದಿಲ್ಲ. ಆಕೆಗೆ ಅದು ಒಪ್ಪಿಗೆಯಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ನಿಮ್ಮ ಕಣ್ಣು ಮಾತ್ರ ಆಗ ಫೈಲಿನ ಮೇಲಿರುತ್ತದೆ.

ಹಠಾತ್ ಶಿಶು ಮರಣದ ಬಗ್ಗೆ, ಅದರ ಕುರಿತು ನಿಮಗಿರುವ ತಿಳಿವಳಿಕೆ ತಾಯ್ತಂದೆಯರಿಗೆ ತಲುಪುವ ಬಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ. ಇದನ್ನು ತಾಯ್ತಂದೆಯರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಒಂದು ವರ್ಷ ತುಂಬದ, ನೋಡಲು ಆರೋಗ್ಯವಾಗಿಯೇ ಇದ್ದ ಮಗು ದಿಢೀರನೆ, ಹೆಚ್ಚಾಗಿ ನಿದ್ದೆಯಲ್ಲೇ, ತೀರಿಕೊಳ್ಳುತ್ತದೆ. ಮರಣೋತ್ತರ ಪರೀಕ್ಷೆ ಮಾಡಿ, ಮಗು ಮಲಗಿದ್ದ ಜಾಗ ಪರಿಶೀಲಿಸಿ, ಅದರ ಆರೋಗ್ಯದ ಹಿನ್ನೆಲೆಯನ್ನೆಲ್ಲ ಜಾಲಾಡಿದ ಮೇಲೂ ಕಾರಣ ಸಿಗದಿದ್ದರೆ ಅದಕ್ಕೆ ‘ಸಿಡ್ಸ್’ (ಸಡನ್ ಇನ್‌ಫಂಟ್ ಡೆತ್ ಸಿಂಡ್ರೋಮ್) ಎಂದು ಹೆಸರು. 1969ರಲ್ಲಿ ಸಿಯಾಟಲ್‌ನಲ್ಲಿ ಸೇರಿದ್ದ ತಜ್ಞರ ಸಮ್ಮೇಳನದಿಂದ ಬಳಕೆಗೆ ಬಂದ ಹೆಸರಿದು. ಎರಡರಿಂದ ನಾಲ್ಕು ತಿಂಗಳ ನಡುವೆ ಇಂಥ ಸಾವು ಹೆಚ್ಚು. ಹತ್ತರಲ್ಲಿ ಒಂಬತ್ತು ಸಾವುಗಳು ಆರು ತಿಂಗಳು ತುಂಬುವುದರೊಳಗೇ ಆಗುತ್ತವೆ. ಇಷ್ಟು ನಿಮಗೆಲ್ಲ ಗೊತ್ತು, ಪರೀಕ್ಷೆಗೆ ಓದಿರುತ್ತೀರಿ.

ನಿಮ್ಮಲ್ಲಿ ಅನೇಕರು ಮರೆತಂತೆ ಕಾಣುವ ಸಂಗತಿ ಬೇರೆಯಿದೆ. ಮಗುವನ್ನು ಬೋರಲು ಮಲಗಿಸಬೇಕು ಎಂಬುದನ್ನು ಊರಿಗೆಲ್ಲ ಹೇಳಿಕೊಟ್ಟವರು ವೈದ್ಯರೇ. 1950ರ ದಶಕದಿಂದಾಚೆಗೆ ಪಶ್ಚಿಮದ ದೇಶಗಳ ವೈದ್ಯರು, ಶಿಶುಪಾಲನೆಯ ಪುಸ್ತಕಗಳು, ಹೆರಿಗೆ ಆಸ್ಪತ್ರೆಗಳು ಒಂದೇ ಸಮನೆ ಅದನ್ನೇ ಹೇಳಿದವು. ಅಂಗಾತ ಮಲಗಿದ ಮಗು ಕಕ್ಕಿದರೆ ಉಸಿರುಗಟ್ಟುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕೇಳಲು ಸರಿಯೆನಿಸುವ ಕಾರಣವೇ, ಆದರೆ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಬ್ರಿಟನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2005ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಬೋರಲು ಮಲಗಿಸುವುದು ಅಪಾಯ ಎಂದು ಹೇಳುವಷ್ಟು ಪುರಾವೆ 1970ರ ಹೊತ್ತಿಗೇ ಇತ್ತು. ಅದನ್ನು ಆಗಲೇ ಒಂದೆಡೆ ಇಟ್ಟು ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು, ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತೇನೋ ಎಂಬುದು ಅವರ ಅಂದಾಜು. ಆ ಮಕ್ಕಳ ತಾಯ್ತಂದೆಯರು ಉದಾಸೀನ ಮಾಡಿದವರಲ್ಲ. ವೈದ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವರು.

ಮಾತು ಬದಲಾದಾಗ ಆದದ್ದೂ ಅಷ್ಟೇ ಬೆರಗಿನದು. ನೆದರ್ಲೆಂಡ್ಸ್‌ನಲ್ಲಿ 1987ರಲ್ಲಿ ಬೋರಲು ಮಲಗಿಸಬೇಡಿ ಎಂದರು. ನ್ಯೂಜಿಲೆಂಡಿನಲ್ಲಿ ಎಡ್ವಿನ್ ಮಿಚೆಲ್ ತಂಡ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪೀಟರ್ ಫ್ಲೆಮಿಂಗ್ ತಂಡ ಅದನ್ನೇ ಅಂಕಿಅಂಶಗಳಿಂದ ತೋರಿಸಿಕೊಟ್ಟವು. 1991ರಲ್ಲಿ ಟಿವಿ ನಿರೂಪಕಿ ಆನ್ ಡೈಮಂಡ್ ತಮ್ಮ ಕೂಸನ್ನು ಕಳೆದುಕೊಂಡು, ಸುಮ್ಮನೆ ಕೂರದೆ ಸರ್ಕಾರದ ಬೆನ್ನುಬಿದ್ದರು. ಆ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಕೊಟ್ಟಿತು, 1994ರಲ್ಲಿ ಪ್ರಚಾರ ಆರಂಭವಾಯಿತು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಮಗುವನ್ನು ತಿರುಗಿಸಿ ಮಲಗಿಸಿದರು, ಕೆಲವೇ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕದಲ್ಲಿ 1990ರಲ್ಲಿ ಲಕ್ಷ ಜನನಕ್ಕೆ ಸುಮಾರು 130 ಇದ್ದ ಸಿಡ್ಸ್ ಪ್ರಮಾಣ ಈಚೆಗೆ 40ರ ಆಸುಪಾಸಿನಲ್ಲಿದೆ. (ಈ ಇಳಿಕೆಯಲ್ಲಿ ಒಂದು ಪಾಲು ಲೆಕ್ಕ ಬರೆಯುವ ಬಗೆ ಬದಲಾದದ್ದರಿಂದ ಬಂದದ್ದು ಎಂಬುದನ್ನೂ ಹೇಳಬೇಕು, ಹಿಂದೆ ಸಿಡ್ಸ್ ಎಂದು ಬರೆಯುತ್ತಿದ್ದ ಕೆಲವು ಸಾವುಗಳನ್ನು ಈಗ ಹಾಸಿಗೆಯಲ್ಲಿ ಉಸಿರುಗಟ್ಟಿದ್ದು ಅಥವಾ ಕಾರಣ ತಿಳಿಯದ್ದು ಎಂದು ಬರೆಯುತ್ತಾರೆ.)

ಈ ಹಳೆಯ ಕತೆಯನ್ನು ಕೆದಕಿದ್ದು ನಿಮ್ಮನ್ನು ಚುಚ್ಚಲಿಕ್ಕಲ್ಲ. ಹಿಂದೆ ನಿಂತಿದ್ದ ಆ ಅಜ್ಜಿಯಂಥವರ ಬಗ್ಗೆ ನೀವು ಆಮೇಲೆ ನಮ್ಮ ಬಳಿ ‘ಹಳೇಕಾಲದವರು, ಕೇಳೋದಿಲ್ಲ’ ಎಂದು ಗೊಣಗುತ್ತೀರಲ್ಲ, ಅದಕ್ಕೆ. ಎಷ್ಟೋ ಮನೆಗಳಲ್ಲಿ ಅಜ್ಜಿ ಪಟ್ಟುಹಿಡಿಯುವ ಪದ್ಧತಿ ಆಕೆಯ ಹೆರಿಗೆಯ ಕಾಲದಲ್ಲಿ ಒಬ್ಬ ಡಾಕ್ಟರೋ ನರ್ಸೋ ಹೇಳಿಕೊಟ್ಟದ್ದು. ಆಕೆ ಅದರಂತೆ ನಡೆದಳು, ಮಕ್ಕಳು ಬದುಕಿ ದೊಡ್ಡವರಾದರು. ಈಗ ನೀವು ಕಾರಣ ಹೇಳದೆ ಅದರ ಉಲ್ಟಾ ಹೇಳಿದರೆ ಯಾಕೆ ನಂಬಬೇಕು? ‘ಆಗ ನಾವೇ ಹಾಗೆ ಹೇಳಿದ್ದೆವು ಅಮ್ಮ, ಆಮೇಲೆ ಲಕ್ಷಾಂತರ ಮಕ್ಕಳನ್ನು ನೋಡಿದ ಮೇಲೆ ತಪ್ಪು ಗೊತ್ತಾಯಿತು’ ಎಂದು ಒಂದು ಮಾತು ಹೇಳಿ ನೋಡಿ. ಎಷ್ಟೋ ಮುಖಗಳು ಸಡಿಲಾಗುವುದನ್ನು ನಾನು ಕಂಡಿದ್ದೇನೆ.

ಇನ್ನು ಆ ಕಕ್ಕುವ ಭಯ. ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಇದೊಂದೇ: ‘ಅಂಗಾತ ಮಲಗಿಸಿದರೆ ಹಾಲು ನೆತ್ತಿಗೆ ಹತ್ತುವುದಿಲ್ಲವೇ?’ ಇದಕ್ಕೆ ‘ಇಲ್ಲ, ಏನೂ ಆಗಲ್ಲ’ ಎಂದು ಹೇಳಿ ಮುಂದಿನ ಬೆಡ್ಡಿಗೆ ಹೋಗುವವರೇ ಹೆಚ್ಚು. ಉತ್ತರ ಸರಿಯಾಗಿಯೇ ಇದೆ, ಆದರೆ ರಾತ್ರಿ ಎರಡು ಗಂಟೆಗೆ ಮಗು ಕಕ್ಕಿದಾಗ ಆ ಉತ್ತರ ತಾಯಿಯ ಕೈಹಿಡಿಯುವುದಿಲ್ಲ. ನನಗೆ ಗೊತ್ತಿದ್ದ ಒಬ್ಬ ಹಿರಿಯ ವೈದ್ಯರು ಎರಡು ಬೆರಳುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹಿಡಿದು ತೋರಿಸುತ್ತಿದ್ದರು. ಮಗು ಅಂಗಾತ ಮಲಗಿದಾಗ ಮೇಲಿನ ಬೆರಳು ಉಸಿರುನಾಳ, ಕೆಳಗಿನದು ಅನ್ನನಾಳ. ಹೊಟ್ಟೆಯಿಂದ ಮೇಲಕ್ಕೆ ಬಂದ ಹಾಲು ಉಸಿರುನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಆಮೇಲೆ ಕೈಯನ್ನು ಮಗುಚುತ್ತಿದ್ದರು. ಈಗ ಅನ್ನನಾಳ ಮೇಲೆ, ಉಸಿರುನಾಳ ಕೆಳಗೆ. ‘ಈಗ ಹಾಲು ಎಲ್ಲಿಗೆ ಇಳಿಯುತ್ತದೆ ನೀವೇ ಹೇಳಿ’ ಎನ್ನುತ್ತಿದ್ದರು. ತಾಯಿ ಹೇಳುವ ಮೊದಲೇ ಪಕ್ಕದಲ್ಲಿದ್ದವರು ಹೇಳಿಬಿಡುತ್ತಿದ್ದರು. ಅರ್ಧ ನಿಮಿಷದ ಕೆಲಸ. ಹಾಲು ಹೆಚ್ಚು ಕಕ್ಕುವ ಮಕ್ಕಳಿಗೂ ಅಂಗಾತವೇ ಸರಿ ಎಂದು ಮಾರ್ಗಸೂಚಿಗಳು ಹೇಳುತ್ತವೆ ಎಂಬುದನ್ನು ಅದರ ಬೆನ್ನಿಗೇ ಸೇರಿಸುತ್ತಿದ್ದರು.

ಎರಡನೆಯ ತಕರಾರು ಇನ್ನೂ ಗಟ್ಟಿ: ‘ಬೋರಲು ಹಾಕಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ, ಅಂಗಾತ ಹಾಕಿದರೆ ಗಳಿಗೆಗೊಮ್ಮೆ ಎದ್ದು ಅಳುತ್ತದೆ.’ ಇದು ನಿಜ, ಅಲ್ಲಗಳೆಯಬೇಡಿ. ಬೋರಲು ಮಲಗಿದ ಮಗುವಿನ ನಿದ್ದೆ ಆಳವಾಗಿರುತ್ತದೆ, ಎಚ್ಚರಗೊಳ್ಳುವುದು ಕಷ್ಟವಾಗುತ್ತದೆ. ತೊಂದರೆ ಇರುವುದೇ ಅಲ್ಲಿ. ಮುಖ ಹಾಸಿಗೆಗೆ ಒತ್ತಿಕೊಂಡಾಗ ತಾನು ಬಿಟ್ಟ ಉಸಿರನ್ನೇ ಮಗು ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೈಯ ಶಾಖವೂ ಸುಲಭವಾಗಿ ಹೊರಹೋಗುವುದಿಲ್ಲ. ಹೆಚ್ಚಿನ ಮಕ್ಕಳು ಆಗ ಏದುಸಿರು ಬಿಟ್ಟು, ತಲೆ ಹೊರಳಿಸಿ, ಕಿರುಚಿ ಎಚ್ಚರಗೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಮೆದುಳಿನ ಕಾಂಡದಲ್ಲಿ ಆ ಎಚ್ಚರಿಕೆಯ ಗಂಟೆ ಬಾರಿಸುವ ವ್ಯವಸ್ಥೆಯೇ ದುರ್ಬಲವಾಗಿರುತ್ತದೆ. ನರಗಳ ನಡುವೆ ಸಂದೇಶ ಒಯ್ಯುವ ಸೆರಟೋನಿನ್ ಎಂಬ ರಾಸಾಯನಿಕದ ಅಲ್ಲಿನ ವ್ಯವಸ್ಥೆಯಲ್ಲಿ ಕೊರತೆ ಇರುವುದನ್ನು ಅಮೆರಿಕದ ವೈದ್ಯೆ ಹ್ಯಾನಾ ಕಿನ್ನಿ ಅವರ ತಂಡ ತೀರಿಹೋದ ಮಕ್ಕಳ ಮೆದುಳುಗಳಲ್ಲಿ ಕಂಡಿದೆ. 1994ರಲ್ಲಿ ಫಿಲಿಯಾನೊ ಮತ್ತು ಕಿನ್ನಿ ಮುಂದಿಟ್ಟ ‘ಮೂರು ಅಪಾಯಗಳ’ ವಿವರಣೆಯೂ ಇದೇ: ಒಳಗೆ ದುರ್ಬಲತೆ ಇರುವ ಮಗು, ದೇಹ ಬೇಗ ಬೇಗ ಬದಲಾಗುವ ಎಳೆಯ ತಿಂಗಳುಗಳು, ಹೊರಗಿನಿಂದ ಬೀಳುವ ಒಂದು ಒತ್ತಡ. ಮೂರೂ ಕೂಡಿದಾಗ ಸಾವು. ಮೊದಲ ಎರಡು ನಮ್ಮ ಕೈಯಲ್ಲಿಲ್ಲ, ಯಾವ ಮಗುವಿನೊಳಗೆ ಆ ದುರ್ಬಲತೆ ಇದೆ ಎಂದು ತಿಳಿಯುವ ಪರೀಕ್ಷೆಯೂ ಇಲ್ಲ. ಮೂರನೆಯದು ಮಾತ್ರ ಮಲಗಿಸುವವರ ಕೈಯಲ್ಲಿದೆ. ‘ಗಳಿಗೆಗೊಮ್ಮೆ ಏಳುವುದೇ ಮಗುವಿಗಿರುವ ಕಾವಲು’ ಎಂದು ತಾಯಿಗೆ ಹೇಳಿದರೆ ಅವಳು ನಿದ್ದೆಗೆಟ್ಟ ರಾತ್ರಿಗಳನ್ನೂ ಬೇರೆ ಕಣ್ಣಿನಿಂದ ನೋಡುತ್ತಾಳೆ.

ಮಗ್ಗುಲಾಗಿ ಮಲಗಿಸುವ ಬಗ್ಗೆ ಒಂದು ಮಾತು. ಅದು ಮಧ್ಯದ ದಾರಿ ಎಂದು ಎಷ್ಟೋ ವೈದ್ಯರು ಇನ್ನೂ ಹೇಳುತ್ತಾರೆ. 1992ರ ಸಲಹೆಯಲ್ಲಿ ಮಗ್ಗುಲಿಗೂ ಜಾಗವಿತ್ತು, 2005ರ ಹೊತ್ತಿಗೆ ಅಮೆರಿಕದ ಅಕಾಡೆಮಿ ಅದನ್ನು ಕೈಬಿಟ್ಟಿತು. ಮಗ್ಗುಲಾಗಿರುವ ಮಗು ಸುಲಭವಾಗಿ ಬೋರಲಿಗೆ ಉರುಳುತ್ತದೆ. ದಿನಾ ಅಂಗಾತ ಮಲಗುವ ಮಗುವನ್ನು ಒಂದು ದಿನ ಯಾರೋ ಬೋರಲು ಮಲಗಿಸಿದರೆ ಅಪಾಯ ಹಲವು ಪಟ್ಟು ಏರುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. ಹಾಗಾಗಿ ಈ ಮಾತು ತಾಯಿಗೆ ಮಾತ್ರ ಹೇಳಿದರೆ ಸಾಲದು. ಮಗುವನ್ನು ಎತ್ತಿಕೊಳ್ಳುವ, ಮಲಗಿಸುವ ಪ್ರತಿಯೊಬ್ಬರಿಗೂ ಮುಟ್ಟಬೇಕು.

ನಮ್ಮ ನರ್ಸ್‌ಗಳ ಬಗ್ಗೆಯೂ ಹೇಳಬೇಕು, ನಾನು ಅವರ ಪಕ್ಷದವಳೇ ಆದರೂ. ವಾರ್ಡಿಗೆ ಬಂದು ನೋಡಿ. ಟೋಪಿ ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬೆನ್ನಿಗೆ ಸುರುಳಿ ಮಾಡಿದ ಬಟ್ಟೆ ಒತ್ತುಕೊಟ್ಟು ಮಗ್ಗುಲಾಗಿ ಮಲಗಿಸಿದ ಮಕ್ಕಳು ಸಾಲಾಗಿ ಸಿಗುತ್ತವೆ. ಗೋಡೆಯ ಮೇಲೆ ಅಂಗಾತ ಮಲಗಿಸಿ ಎಂಬ ಭಿತ್ತಿಪತ್ರ, ಅದರ ಕೆಳಗೆ ಮಗ್ಗುಲಾಗಿ ಮಲಗಿದ ಮಗು! ತಾಯಿ ಓದುವುದು ಗೋಡೆಯನ್ನಲ್ಲ, ನಮ್ಮ ಕೈಗಳನ್ನು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಘಟಕದಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಉಸಿರಾಟಕ್ಕೆ ಅನುಕೂಲವೆಂದು ಮಗುವನ್ನು ವಾರಗಟ್ಟಲೆ ಬೋರಲು ಇಡುತ್ತೇವೆ, ಮಾನಿಟರ್ ಕಣ್ಣಿಟ್ಟಿರುತ್ತದೆ. ತಾಯಿ ಗಾಜಿನಾಚೆಯಿಂದ ಅದನ್ನೇ ನೋಡಿ ಕಲಿತು ಮನೆಗೆ ಹೋಗುತ್ತಾಳೆ. ಸಿಡ್ಸ್ ಅಪಾಯ ಹೆಚ್ಚಿರುವುದೂ ಇಂಥ ಮಕ್ಕಳಿಗೇ. ಮಗುವಿನ ಸ್ಥಿತಿ ಸ್ಥಿರವಾದೊಡನೆ, ಗರ್ಭದ ಲೆಕ್ಕದಲ್ಲಿ 32 ವಾರ ತುಂಬುವ ಹೊತ್ತಿಗೇ ಅಂಗಾತ ಮಲಗುವ ರೂಢಿ ಮಾಡಿಸಿ ಎಂದು ಅಮೆರಿಕದ ಅಕಾಡೆಮಿ ಹೇಳುವುದು ಇದಕ್ಕೇ. ಬೋರಲು ಇಟ್ಟದ್ದು ಯಾಕೆ, ಈಗ ಯಾಕೆ ಬೇಡ ಎಂದು ಬಿಡಿಸಿ ಹೇಳುವ ಹೊಣೆ ರೌಂಡ್ಸಿಗೆ ಬರುವ ವೈದ್ಯರದು. ವೈದ್ಯರು ನಿಂತು ಹೇಳಿದರೆ ನರ್ಸ್‌ಗಳ ಕೈಯೂ ಬದಲಾಗುತ್ತದೆ.

ವೈದ್ಯರ ಮಾತಿಗೆ ಅಷ್ಟು ತೂಕವಿದೆಯೇ ಎಂದು ನೀವು ಕೇಳಬಹುದು. ಅಮೆರಿಕದ 32 ಆಸ್ಪತ್ರೆಗಳಲ್ಲಿ ಹೆತ್ತ ಸಾವಿರ ಚಿಲ್ಲರೆ ತಾಯಂದಿರನ್ನು ಕೇಳಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಗುವನ್ನು ಹೇಗೆ ಮಲಗಿಸಬೇಕೆಂದು ವೈದ್ಯರು ಏನೂ ಹೇಳಲಿಲ್ಲ ಎಂದವರು ಐವರಲ್ಲಿ ಒಬ್ಬರಷ್ಟು. ಎಲ್ಲಿ ಮಲಗಿಸಬೇಕೆಂಬುದರ ಬಗ್ಗೆ ಏನೂ ಹೇಳಲಿಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು. ಎರಡು ದಶಕ ಪ್ರಚಾರ ನಡೆದ ದೇಶದ ಮಾತಿದು. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮನೆಗೆ ಹೋದ ಮೇಲೆ ಎರಡು ತಿಂಗಳು ಮೊಬೈಲ್‌ಗೆ ಚಿಕ್ಕ ಚಿಕ್ಕ ವಿಡಿಯೊ ಮತ್ತು ಸಂದೇಶ ಕಳಿಸಿದ ತಾಯಂದಿರಲ್ಲಿ ಶೇ 89ರಷ್ಟು ಮಂದಿ ಮಗುವನ್ನು ಅಂಗಾತ ಮಲಗಿಸುತ್ತಿದ್ದರು. ಬೇರೆ ವಿಷಯದ ಸಂದೇಶ ಪಡೆದವರಲ್ಲಿ ಶೇ 80. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮೊಬೈಲ್ ಅಲ್ಲ, ಮಾತು ಮನೆಯವರೆಗೂ ಹಿಂಬಾಲಿಸಿದ್ದು. ಹೆರಿಗೆಯ ನೋವು, ನಿದ್ದೆಗೇಡು, ಬಿಲ್ಲಿನ ಚಿಂತೆ, ಬಂದ ಹೋದ ನೆಂಟರು, ಇಷ್ಟರ ನಡುವೆ ಡಿಸ್ಚಾರ್ಜ್ ದಿನ ಹೇಳಿದ ಮಾತು ತಲೆಗೆ ಹೋಗುವುದಿಲ್ಲ. ಗರ್ಭಿಣಿ ತಪಾಸಣೆಗೆ ಬರುವಾಗಲೇ ಒಮ್ಮೆ ಹೇಳಿ, ಹೊರಡುವಾಗ ಒಮ್ಮೆ ತೋರಿಸಿ, ಮೊದಲ ಲಸಿಕೆಗೆ ಬಂದಾಗ ಒಮ್ಮೆ ಕೇಳಿ.

‘ಕೇಳಿ’ ಎಂದೆ. ಬರೀ ಹೇಳುವುದರಿಂದ ಆಗದ ಕೆಲಸ ಅದರಿಂದ ಆಗುತ್ತದೆ. ‘ನಿನ್ನೆ ರಾತ್ರಿ ಮಗು ಎಲ್ಲಿ ಮಲಗಿತ್ತು?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಅಂಗಾತ ಮಲಗಿಸಿ ಎಂದಷ್ಟೇ ಹೇಳಿದ್ದರೆ ಗೊತ್ತೇ ಆಗುತ್ತಿರಲಿಲ್ಲ: ಮೆತ್ತನೆಯ ದಿಂಬಿನ ಮೇಲೆ, ತಾಯ್ತಂದೆಯರ ನಡುವೆ, ಸೋಫಾದ ಮೇಲೆ ಅಪ್ಪನ ಎದೆಯ ಮೇಲೆ, ಒರಗುವ ಕುರ್ಚಿಯಂಥ ಮಕ್ಕಳ ಸೀಟಿನಲ್ಲಿ. ಸೋಫಾದಲ್ಲಿ ಮಗುವನ್ನು ಅಪ್ಪಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯದ್ದು. ಹಾಸಿಗೆಗೆ ಹೆದರಿ ಅರ್ಧರಾತ್ರಿ ಸೋಫಾಕ್ಕೆ ಎದ್ದುಹೋಗಿ ಹಾಲೂಡುವ ತಾಯಿ ಗೊತ್ತಿಲ್ಲದೆಯೇ ಹೆಚ್ಚಿನ ಅಪಾಯಕ್ಕೆ ಹೋಗಿರುತ್ತಾಳೆ. ಗಟ್ಟಿಯಾದ, ಸಮತಟ್ಟಾದ ಹಾಸು. ಮಗುವಿನ ಸುತ್ತ ದಿಂಬು, ದಪ್ಪ ಹೊದಿಕೆ, ಗೊಂಬೆ ಏನೂ ಬೇಡ. ನಿದ್ದೆಗೆ ಟೋಪಿ ಬೇಡ, ಸೆಖೆಯಾಗದಂತೆ ಬಟ್ಟೆ. ಕನಿಷ್ಠ ಆರು ತಿಂಗಳು ತಾಯ್ತಂದೆಯರ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ. ಎರಡು ತಿಂಗಳಾದರೂ ಎದೆಹಾಲು ಕುಡಿದ ಮಕ್ಕಳಲ್ಲಿ ಈ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಸುರಿನಲ್ಲೂ ಆಮೇಲೂ ಸಿಗರೇಟಿನ ಹೊಗೆ ದೊಡ್ಡ ಶತ್ರು. ಸೇದುತ್ತೀರಾ ಎಂಬ ಪ್ರಶ್ನೆಯನ್ನು ಅಪ್ಪನಿಗೂ ಕೇಳಿ, ತಾಯಿಯ ಎದುರಿಗೇ.

ಒಟ್ಟಿಗೆ ಮಲಗುವ ವಿಚಾರದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಅಕಾಡೆಮಿ ಬೇಡ ಎನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಬೇರೆ ದಾರಿ ಹಿಡಿದಿದೆ: ಹೇಗೂ ಬಹಳ ಮಂದಿ ಮಗುವಿನ ಜೊತೆ ಮಲಗುತ್ತಾರೆ, ಹಾಗಾಗಿ ಯಾವಾಗ ಖಂಡಿತ ಕೂಡದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ ಎನ್ನುತ್ತದೆ. ಮನೆಯಲ್ಲಿ ಧೂಮಪಾನವಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡಿದ್ದರೆ, ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದರೆ ಕೂಡದು. ನನ್ನ ಒಲವು ಎರಡನೆಯ ದಾರಿಯ ಕಡೆಗೆ. ಬೈದರೆ ಜನ ಮಲಗುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ನ್ಯೂಜಿಲೆಂಡಿನಲ್ಲಿ ಮೂಲನಿವಾಸಿ ಮಾವೊರಿ ಸಮುದಾಯದ ಮಕ್ಕಳಲ್ಲಿ ಈ ಸಾವು ಹೆಚ್ಚಿದ್ದಾಗ ವೈದ್ಯ ಡೇವಿಡ್ ಟಿಪೆನೆ-ಲೀಚ್ ಮತ್ತು ಸಂಗಡಿಗರು ‘ಮಗುವನ್ನು ದೂರವಿಡಿ’ ಎಂದು ಉಪದೇಶ ಮಾಡುತ್ತಾ ಕೂರಲಿಲ್ಲ. ಅಲ್ಲಿನ ನಾರಿನ ಗಿಡದಿಂದ ಹೆಣೆದ ‘ವಹಕೂರ’ ಎಂಬ ಪುಟ್ಟ ಬುಟ್ಟಿತೊಟ್ಟಿಲನ್ನು ತಾಯಿಯ ಹಾಸಿಗೆಯ ಮೇಲೇ ಇಡುವಂತೆ ಮಾಡಿದರು. ಮಗು ತಾಯಿಯ ಪಕ್ಕದಲ್ಲೇ ಇರುತ್ತದೆ, ಜಾಗ ಮಾತ್ರ ಅದರದೇ. ಸಮಾಲೋಚನೆ ಎಂದರೆ ಹೀಗಿರಬೇಕು ಎಂದು ನನಗನಿಸುವ ಉದಾಹರಣೆ ಇದು.

ಲಸಿಕೆಯ ಬಗ್ಗೆ ಮೊದಲೇ ಮಾತಾಡಿಬಿಡಿ. ಸಿಡ್ಸ್ ಹೆಚ್ಚಿರುವ ತಿಂಗಳುಗಳೂ ಮೊದಲ ಲಸಿಕೆಗಳ ತಿಂಗಳುಗಳೂ ಒಂದೇ. ಹಾಗಾಗಿ ಎಲ್ಲೋ ಒಂದು ಮಗು ಲಸಿಕೆಯಾದ ಮರುದಿನ ತೀರಿಕೊಂಡರೆ ದೂರು ಲಸಿಕೆಯ ಮೇಲೆ ಬೀಳುತ್ತದೆ. ಲಸಿಕೆ ಪಡೆದ ಮಕ್ಕಳಲ್ಲಿ ಸಿಡ್ಸ್ ಸುಮಾರು ಅರ್ಧದಷ್ಟು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. ಸುದ್ದಿ ಹಬ್ಬಿದ ಮೇಲೆ ಇದನ್ನು ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ. ಹಗಲಲ್ಲಿ ಎಚ್ಚರವಿದ್ದಾಗ, ಕಣ್ಣೆದುರು, ಮಗುವನ್ನು ಹೊಟ್ಟೆಯ ಮೇಲೆ ಆಡಲು ಬಿಡಬೇಕು ಎಂಬುದನ್ನೂ ಹೇಳಿ. ಇಲ್ಲವಾದರೆ ತಲೆಯ ಹಿಂಭಾಗ ಚಪ್ಪಟೆಯಾಯಿತೆಂದು ಮತ್ತೆ ಬೋರಲು ಮಲಗಿಸಲು ಶುರುಮಾಡುತ್ತಾರೆ. ಮಗು ತಾನಾಗಿಯೇ ಎರಡೂ ಕಡೆ ಉರುಳಲು ಕಲಿತ ಮೇಲೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಚಟ ಈ ವಿಷಯದಲ್ಲಿ ವೈದ್ಯಲೋಕಕ್ಕೆ ದುಬಾರಿಯಾಗಿದೆ. ಎದೆಯೊಳಗಿನ ಥೈಮಸ್ ಗ್ರಂಥಿ ಊದಿ ಮಕ್ಕಳು ಸಾಯುತ್ತವೆ ಎಂದು ಹತ್ತೊಂಬತ್ತನೇ ಶತಮಾನದಿಂದ ನಂಬಿದ್ದರು. ಕಾಯಿಲೆಯಿಂದ ಸೊರಗಿ ಸತ್ತ ಮಕ್ಕಳಲ್ಲಿ ಕುಗ್ಗಿದ ಥೈಮಸ್ಸನ್ನೇ ಕಂಡು ರೂಢಿಯಾಗಿದ್ದವರಿಗೆ, ಹಠಾತ್ತಾಗಿ ಸತ್ತ ಮಗುವಿನ ಸಹಜ ಥೈಮಸ್ ದೊಡ್ಡದಾಗಿ ಕಂಡಿತ್ತು, ಅಷ್ಟೇ. ಇಪ್ಪತ್ತನೇ ಶತಮಾನದಲ್ಲಿ ಅದನ್ನು ಕುಗ್ಗಿಸಲೆಂದು ಆರೋಗ್ಯವಂತ ಶಿಶುಗಳಿಗೆ ವಿಕಿರಣ ಕೊಟ್ಟರು, ಅವರಲ್ಲಿ ಹಲವರು ಮುಂದೆ ಥೈರಾಯ್ಡ್ ಕ್ಯಾನ್ಸರ್‌ಗೆ ತುತ್ತಾದರು. 1972ರಲ್ಲಿ ಆಲ್ಫ್ರೆಡ್ ಸ್ಟೈನ್‌ಷ್ನೈಡರ್ ಎಂಬ ಅಮೆರಿಕದ ವೈದ್ಯರು ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುವುದೇ ಸಿಡ್ಸ್‌ನ ಮುನ್ಸೂಚನೆ ಎಂದು ಬರೆದರು. ಅವರ ವಾದಕ್ಕೆ ಒಂದೇ ಮನೆಯ ಮಕ್ಕಳ ಸಾವು ಆಧಾರವಾಗಿತ್ತು. ಮನೆಮನೆಗೆ ಉಸಿರಾಟದ ಮಾನಿಟರ್‌ಗಳು ಬಂದವು. 1995ರಲ್ಲಿ ಆ ಮಕ್ಕಳ ತಾಯಿ ವನೀಟಾ ಹೊಯ್ಟ್ ತನ್ನ ಐದೂ ಮಕ್ಕಳನ್ನು ಕೊಂದದ್ದು ನ್ಯಾಯಾಲಯದಲ್ಲಿ ಸಾಬೀತಾಯಿತು. ಸಿಡ್ಸ್ ತಡೆಯಲು ಮನೆ ಮಾನಿಟರ್ ಬರೆದುಕೊಡಬೇಡಿ ಎಂದು ಅಮೆರಿಕದ ಅಕಾಡೆಮಿ 2003ರಲ್ಲಿ ಹೇಳಿತು. ಈಗ ಕಾಲುಚೀಲದಂತೆ ತೊಡಿಸುವ ಸಾಧನ ತೋರಿಸಿ ‘ಇದು ಕೊಳ್ಳಲೇ?’ ಎಂದು ತಂದೆ ಕೇಳಿದರೆ, ಅದು ಸಿಡ್ಸ್ ತಡೆಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ನೇರವಾಗಿ ಹೇಳಿ.

ಕೊನೆಯದಾಗಿ, ಸಾವು ಆಗಿಬಿಟ್ಟ ಮೇಲಿನ ಮಾತು. ಇದನ್ನು ನಿಮಗೆ ಯಾರೂ ಕಲಿಸಿದಂತೆ ಕಾಣುವುದಿಲ್ಲ.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ಇಬ್ಬರು ಗಂಡುಮಕ್ಕಳು 1996 ಮತ್ತು 1998ರಲ್ಲಿ ತೀರಿಕೊಂಡರು. ಅಂಥ ಅನುಕೂಲಸ್ಥರ ಮನೆಯಲ್ಲಿ ಎರಡೂ ಸಾವು ಸಹಜವಾಗಿ ಆಗುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಶಿಶುವೈದ್ಯ ರಾಯ್ ಮೆಡೋ ನ್ಯಾಯಾಲಯದಲ್ಲಿ ನುಡಿದರು. ಒಂದು ಸಾವಿನ ಸಾಧ್ಯತೆಯನ್ನು ಅದರಿಂದಲೇ ಗುಣಿಸಿ ಬಂದ ಲೆಕ್ಕ ಅದು. ಒಂದೇ ಮನೆಯ ಮಕ್ಕಳಿಗೆ ರಕ್ತಸಂಬಂಧವೂ ಪರಿಸರವೂ ಒಂದೇ ಎಂಬುದನ್ನೇ ಮರೆತಿದ್ದರು. 1999ರಲ್ಲಿ ಮಕ್ಕಳನ್ನು ಕೊಂದ ಆರೋಪದ ಮೇಲೆ ಆಕೆಗೆ ಶಿಕ್ಷೆಯಾಯಿತು. ಆ ಲೆಕ್ಕ ತಪ್ಪು ಎಂದು ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಹೇಳಿತು. 2003ರಲ್ಲಿ ಬಿಡುಗಡೆಯಾದ ಆಕೆ 2007ರಲ್ಲಿ ತೀರಿಕೊಂಡರು. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ತಮ್ಮ ನಾಲ್ಕು ಮಕ್ಕಳ ಸಾವಿನ ಪ್ರಕರಣದಲ್ಲಿ ಇಪ್ಪತ್ತು ವರ್ಷ ಸೆರೆಯಲ್ಲಿದ್ದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯ ಬಡಿತ ತಪ್ಪಿಸಬಲ್ಲ ವಂಶವಾಹಿ ದೋಷವಿತ್ತೆಂದು ತಿಳಿದು, 2023ರಲ್ಲಿ ಕ್ಷಮಾದಾನ ಸಿಕ್ಕಿ, ಶಿಕ್ಷೆಯೂ ರದ್ದಾಯಿತು. ಹೊಯ್ಟ್ ಪ್ರಕರಣದಲ್ಲಿ ವೈದ್ಯರು ಅತಿಯಾಗಿ ನಂಬಿದರು, ಇಲ್ಲಿ ಅತಿಯಾಗಿ ಅನುಮಾನಿಸಿದರು. ಮರಣೋತ್ತರ ಪರೀಕ್ಷೆ, ಜಾಗದ ಪರಿಶೀಲನೆ, ವಂಶವಾಹಿ ಪರೀಕ್ಷೆ ಇವೆಲ್ಲ ಬೇಕು ಎನ್ನುವುದು ಇದಕ್ಕೇ. ತಾಯ್ತಂದೆಯರನ್ನು ಸಿಕ್ಕಿಹಾಕಿಸಲು ಎಂದು ಭಾವಿಸಿ ಅವರು ನಿರಾಕರಿಸುತ್ತಾರೆ. ಅವರಿಗೆ ಉತ್ತರ ಸಿಗುವ ದಾರಿಯೂ ಅದೇ ಎಂದು ಹೇಳುವವರು ಯಾರು, ಪೊಲೀಸರೇ?

ಮಗುವನ್ನು ಬೋರಲು ಮಲಗಿಸಿದ್ದ ತಾಯಿಯ ಎದುರು ಏನು ಹೇಳುತ್ತೀರಿ? ‘ನಿಮ್ಮದೇನೂ ತಪ್ಪಿಲ್ಲ’ ಎಂದರೆ ಸುಳ್ಳೆಂದು ಅವಳಿಗೆ ಗೊತ್ತಾಗುತ್ತದೆ, ಅವಳು ಎಲ್ಲೆಲ್ಲೋ ಓದಿಕೊಂಡಿರುತ್ತಾಳೆ. ‘ಹಾಗೆ ಮಲಗಿಸಬಾರದಿತ್ತು’ ಎಂದರೆ ಜೀವನಪೂರ್ತಿ ಅದೇ ಕಿವಿಯಲ್ಲಿರುತ್ತದೆ. ನಿಜವನ್ನು ಪೂರ್ತಿಯಾಗಿ ಹೇಳುವುದೊಂದೇ ದಾರಿ: ಬೋರಲು ಮಲಗಿದ ಬಹುಪಾಲು ಮಕ್ಕಳು ಬೆಳಗ್ಗೆ ಏಳುತ್ತವೆ, ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಯಲ್ಲೂ ಕೆಲವೊಮ್ಮೆ ಮಗು ಏಳುವುದಿಲ್ಲ, ಅಪಾಯವನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲು ಇನ್ನೂ ಬಂದಿಲ್ಲ. ಇದನ್ನು ಡಿಸ್ಚಾರ್ಜ್ ದಿನವೇ ಹೇಳಿದ್ದರೆ ಮಾತ್ರ ಆಮೇಲೆ ಹೇಳುವಾಗ ಅದಕ್ಕೆ ಬೆಲೆ. ಮಗುವಿನ ಹೆಸರು ಹಿಡಿದು ಮಾತಾಡಿ. ಎತ್ತಿಕೊಳ್ಳಲು ಬಿಡಿ. ಆ ತಾಯಿಯ ಎದೆಯಲ್ಲಿ ಹಾಲು ಬರುತ್ತಲೇ ಇರುತ್ತದೆ, ಅದು ಗಟ್ಟಿಕಟ್ಟಿ ನೋಯುತ್ತದೆ, ಏನು ಮಾಡಬೇಕೆಂದು ಹೇಳುವವರು ಯಾರೂ ಇರುವುದಿಲ್ಲ. ನಾನು ಕಂಡ ಮಟ್ಟಿಗೆ ಎಲ್ಲರೂ ಮರೆಯುವುದು ಇದನ್ನೇ. ವರದಿ ಬರಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಬಂದಾಗ ಅಂಚೆಯಲ್ಲಿ ಕಳಿಸದೆ ಕರೆದು ಕೂರಿಸಿ ಓದಿ ಹೇಳಿ. ಮುಂದಿನ ಮಗುವಿಗೆ ಬಸುರಾದಾಗ ಅವರು ಹೆದರಿಕೊಂಡೇ ಬರುತ್ತಾರೆ. ಬ್ರಿಟನ್ನಿನಲ್ಲಿ ಅಂಥ ಮನೆಗಳಿಗೆಂದೇ 1988ರಿಂದ ಒಂದು ಕಾರ್ಯಕ್ರಮವಿದೆ, ಮನೆಗೆ ಹೋಗಿ ನೋಡಿಕೊಂಡು ಬರುವ ನರ್ಸ್‌ಗಳಿದ್ದಾರೆ. ಮತ್ತೆ ಹಾಗಾಗುವ ಸಾಧ್ಯತೆ ಬಹಳ ಕಡಿಮೆ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ.

ಪಠ್ಯ ರೂಪಿಸುವವರಲ್ಲಿ ಒಂದು ಬೇಡಿಕೆ. ಶಿಶುವೈದ್ಯ ಪದವಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೃದಯದ ಸದ್ದು ಗುರುತಿಸಲು, ಗುಲ್ಮ ಮುಟ್ಟಿ ಹೇಳಲು ಕೇಳುತ್ತೀರಿ. ಅದೇ ದಿನ, ಒಂದು ಗೊಂಬೆ ಕೊಟ್ಟು, ಎದುರಿಗೆ ಒಬ್ಬ ತಾಯಿ ಮತ್ತು ಒಪ್ಪದ ಅಜ್ಜಿಯನ್ನು ಕೂರಿಸಿ, ಮಗುವನ್ನು ಮಲಗಿಸುವುದು ಹೇಗೆಂದು ಐದು ನಿಮಿಷದಲ್ಲಿ ಮನವರಿಕೆ ಮಾಡಿಸಲು ಹೇಳಿ. ಅಂಕ ಕೊಡುವ ಕೆಲಸ ಆ ಅಜ್ಜಿಗೇ ಬಿಡಿ.

ಇಂತಿ,
ಬಾಣಂತಿ ವಾರ್ಡಿನ ಒಬ್ಬ ನರ್ಸ್